ಎರಡನೆಯ ಬ್ಲಾಕ್

ಶೆಡ್ಡಿನ ಹೊಸ್ತಿಲು ದಾಟುವಾಗ ಪಿಕಪ್ಪಿನ ಹೊಟ್ಟೆ ನೆಲಕ್ಕೆ ಉಜ್ಜಿ ಕರ್ರೆಂದಿತು. ಒಳಗೆ ಕುಕ್ಕರಗಾಲಲ್ಲಿ ಕೂತು ನೀರಿನ ಟ್ರಾಲಿಯ ಸ್ಪ್ರಿಂಗಿಗೆ ಗ್ರೀಸು ಮೆತ್ತುತ್ತಿದ್ದ ಗೇಣಕ್ಕ ತಲೆ ಎತ್ತಲಿಲ್ಲ. ಎತ್ತುವ ಅಗತ್ಯವೂ ಇರಲಿಲ್ಲ. ಇಷ್ಟು ತಗ್ಗಿಸಿದ ಪಿಕಪ್ಪು ಊರಲ್ಲಿ ಒಂದೇ ಇತ್ತು. ಅದರ ಬಾನೆಟ್ಟಿನಲ್ಲಿ ಮುಖ ನೋಡಿಕೊಂಡು ಮೀಸೆ ತಿದ್ದುವ ಗಂಡಸೂ ಒಬ್ಬನೇ. ಅವಳ ಅಕ್ಕನ ಗಂಡ.

“ಏನಮ್ಮಾ, ಚೆನ್ನಾಗಿದ್ದೀಯಾ? ಭಾವ ಅನ್ನೋನೊಬ್ಬ ಇದ್ದಾನೆ ಅನ್ನೋದೇ ಮರ್ತುಬಿಟ್ಟಿದ್ದೀಯಲ್ಲ!”

“ಮರೆಯೋ ಅಂಥದ್ದು ಏನು ಮಾಡಿದ್ದೀರಿ ಭಾವ?”

ಅವನು ನಕ್ಕ. ಕಪಾಳಕ್ಕೆ ಹೊಡೆದರೂ ಕೈಕುಲುಕಿದರು ಎಂದುಕೊಳ್ಳುವ ಜಾತಿಯ ನಗು ಅದು. ಗಾಡಿಯಿಂದಿಳಿದು, ಕೂರಲು ಜಾಗ ಹುಡುಕಿ, ಎಲ್ಲೆಲ್ಲೂ ಗ್ರೀಸೇ ಕಂಡು, ನಿಂತೇ ಮಾತಾಡಿದ.

“ಹಿಂದಿನ ಹೈಟು ಯಾಕೋ ಕೈಕೊಟ್ಟಿದೆ. ಎಡಗಡೆ ಕೂತ್ಬಿಟ್ಟಿದೆ, ಬಲಗಡೆ ಎದ್ದು ನಿಂತಿದೆ. ಟೈರು ಹೋಗಿ ಮಡ್ಗಾರ್ಡಿಗೆ ಉಜ್ಜತ್ತೆ. ನಾಳೆ ಮಧ್ಯಾಹ್ನ ಮೈದಾನದಲ್ಲಿ ನಮ್ಮ ತಗ್ಗಿನ ಗಾಡಿಗಳ ಕ್ಲಬ್ಬಿನ ಪೆರೇಡು. ಪ್ರೆಸಿಡೆಂಟ್ ಗಾಡೀನೇ ಸೊಟ್ಟ ಹೋದ್ರೆ ಜನ ಏನಂತಾರೆ ಹೇಳು?”

“ನಿಮ್ಮ ಗ್ಯಾರೇಜಲ್ಲಿ ಅಷ್ಟೊಂದು ಜನ ಇದ್ದಾರಲ್ಲ.”

“ಇದ್ದಾರೆ ಬಿಡು. ಆದ್ರೆ ಮನೆ ಮಾತು ಮನೇಲೇ ಇರ್ಲಿ ಅಂತ. ನೀನಾದ್ರೆ ನಮ್ಮೋಳು.”

ಆಗ ಗೇಣಕ್ಕ ತಲೆ ಎತ್ತಿದಳು. ಹೈಟು ಸರಿ ಮಾಡಿಸುವುದರಲ್ಲಿ ಮನೆ ಮಾತು ಎಲ್ಲಿಂದ ಬಂತು? ಹಲಗೆ ಎಳೆದುಕೊಂಡು, ಬೆನ್ನು ಕೊಟ್ಟು ಮಲಗಿ, ಗಾಡಿಯ ಹಿಂಬದಿಯ ಕೆಳಗೆ ತಲೆಯಷ್ಟೇ ತೂರಿಸಿದಳು. ಟಾರ್ಚು ಹಾಕಿದಳು. ನೋಡಿದಳು. ಟಾರ್ಚು ಆರಿಸಿ, ಮತ್ತೆ ಹಾಕಿ ನೋಡಿದಳು.

ಅಲ್ಲಿ ಎರಡು ಬ್ಲಾಕ್ ಇದ್ದವು. ಒಂದರ ಮೇಲೊಂದು.

ಏನಿದು ಎಂದು ತಿಳಿಯದವರಿಗೆ ಹೇಳುವುದಾದರೆ, ಇಂಥ ಪಿಕಪ್ಪಿನ ಹಿಂದಿನ ಆಕ್ಸಲ್ಲಿನ ಕೆಳಗೆ ಎರಡೂ ಬದಿಗೆ ಉಕ್ಕಿನ ಪ್ಲೇಟುಗಳ ಸ್ಪ್ರಿಂಗು ಇರುತ್ತದೆ. ಆಕ್ಸಲ್ಲಿಗೂ ಸ್ಪ್ರಿಂಗಿಗೂ ನಡುವೆ ಗಟ್ಟಿ ಕಬ್ಬಿಣದ ಒಂದು ಇಟ್ಟಿಗೆಯನ್ನು ಇಟ್ಟು, ಉದ್ದನೆಯ ಯು-ಬೋಲ್ಟು ಹಾಕಿ ಬಿಗಿದರೆ ಆ ಇಟ್ಟಿಗೆ ಎಷ್ಟು ದಪ್ಪವೋ ಗಾಡಿ ಅಷ್ಟು ತಗ್ಗುತ್ತದೆ. ಅದಕ್ಕೆ ಬ್ಲಾಕು ಎನ್ನುತ್ತಾರೆ. ಹೊರೆ ಏರಿಸಲು ಸಲೀಸು ಎಂದು ಕೆಲವರು ಹಾಕಿಸುತ್ತಾರೆ, ನೋಟಕ್ಕೆ ಚೆಂದ ಎಂದು ಕೆಲವರು. ಹಾಕುವುದು ತಪ್ಪಲ್ಲ. ಆದರೆ ಒಂದೇ ಹಾಕಬೇಕು. ಇನ್ನೂ ತಗ್ಗಬೇಕೆಂದರೆ ದಪ್ಪನೆಯ ಒಂದನ್ನೇ ಎರಕ ಹೊಯ್ಯಿಸಿ ಹಾಕಬೇಕು. ಇದ್ದುದರ ಮೇಲೆ ಇನ್ನೊಂದು ಇಟ್ಟರೆ ತಿರುವಿನಲ್ಲಿ ಒಂದರ ಮೇಲಿಂದ ಒಂದು ಜಾರುತ್ತದೆ. ಆಮೇಲೆ ಮುಂದಿನ ಚಕ್ರ ಒಂದು ದಾರಿ, ಹಿಂದಿನ ಚಕ್ರ ಇನ್ನೊಂದು ದಾರಿ.

ಇದು ಗೇಣಕ್ಕನಿಗೆ ಓದಿ ಗೊತ್ತಾದದ್ದಲ್ಲ. ಅಪ್ಪ ಹೇಳಿ ಗೊತ್ತಾದದ್ದು, ಒಬ್ಬನ ಮೊಣಕಾಲು ನೋಡಿ ಮನಸ್ಸಿಗಿಳಿದದ್ದು.

ಅವಳ ಅಪ್ಪ ಸ್ಪ್ರಿಂಗು ಕಾಯಿಸಿ ಬಾಗಿಸುವ ಕೆಲಸದವನು. ಕುಲುಮೆಯ ಮುಂದೆ ಅಕ್ಕ ತಂಗಿ ಇಬ್ಬರನ್ನೂ ಕೂರಿಸಿಕೊಳ್ಳುತ್ತಿದ್ದ. ಅಕ್ಕ ಬಿಸಿಗೆ ಮುಖ ಕಪ್ಪಾಗುತ್ತದೆಂದು ಎದ್ದು ಓಡುತ್ತಿದ್ದಳು, ತಂಗಿ ಕಾದ ಕಬ್ಬಿಣದ ಬಣ್ಣ ನೋಡುತ್ತ ಊಟ ಮರೆಯುತ್ತಿದ್ದಳು. “ಟೇಪು ಕೈಗೆ ಕೊಟ್ರೆ ಕಣ್ಣು ಸೋಮಾರಿಯಾಗತ್ತೆ” ಎಂದು ಅಪ್ಪ ಅವಳಿಗೆ ಅಳತೆಪಟ್ಟಿ ಮುಟ್ಟಲು ಬಿಡಲಿಲ್ಲ. ಹಾಗಾಗಿ ಅವಳು ಟೈರಿಗೂ ಮಡ್ಗಾರ್ಡಿಗೂ ನಡುವಿನ ಸಂದನ್ನು ಬೆರಳಲ್ಲಿ, ಗಾಲಿಯ ನಡುವಿಂದ ಬಾಡಿಯ ಅಂಚಿನ ತನಕದ್ದನ್ನು ಗೇಣಲ್ಲಿ ಅಳೆದಳು. ಟೇಪು ಹಿಡಿದು ನೋಡಿದವರು ತಮ್ಮ ಟೇಪನ್ನೇ ಅನುಮಾನಿಸುವಷ್ಟು ಸರಿಯಾಗಿ ಅಳೆದಳು. ಹೆಸರು ಅಲ್ಲಿಂದ ಬಂದದ್ದು. ಮದುವೆಯಾಗುತ್ತೇನೆಂದು ಬಂದ ಒಬ್ಬ ಅವಳ ಉಗುರಿನ ಸಂದಿಯ ಕಪ್ಪು ನೋಡಿ ಚಹಾ ಅರ್ಧಕ್ಕೇ ಬಿಟ್ಟು ಎದ್ದು ಹೋದ. ಉಳಿದ ಚಹಾ ಅವಳೇ ಕುಡಿದಳು, ವ್ಯರ್ಥ ಯಾಕೆ ಎಂದು.

ಅಪ್ಪ ಹೋದ ಮೇಲೆ ಭಾವ, ನಾದಿನಿ ಸೇರಿ ಗ್ಯಾರೇಜು ಇಟ್ಟರು. ಮಾತು ಅವನದು, ಕೆಲಸ ಅವಳದು. ಬೋರ್ಡಿನಲ್ಲಿ ಅವನ ಫೋಟೋ, ಗಾಡಿ ಕೆಳಗೆ ಅವಳ ಕಾಲು. ಗಿರಾಕಿಗಳು ಬಂದು “ಯಜಮಾನ್ರು ಎಲ್ಲಿ?” ಎಂದು ಅವಳ ಕಾಲನ್ನು ಕೇಳುತ್ತಿದ್ದರು.

ಒಂದು ದಿನ ಒಬ್ಬ ಓನರು ಬಂದು, ತಾನು ಬಾಡಿಗೆಗೆ ಬಿಟ್ಟಿದ್ದ ಪಿಕಪ್ಪನ್ನು ಇನ್ನೂ ನಾಲ್ಕು ಬೆರಳು ತಗ್ಗಿಸಿ, ಸಂಜೆಯೊಳಗೆ ಬೇಕು ಎಂದ. ಅದರಲ್ಲಿ ಮೊದಲೇ ಒಂದು ಬ್ಲಾಕಿತ್ತು. ದಪ್ಪ ಬ್ಲಾಕು ಎರಕ ಹೊಯ್ಯಿಸಲು ನಾಳೆಯಾಗುತ್ತದೆ ಎಂದು ಗೇಣಕ್ಕ ಹೇಳಿ, ಬೇರೆ ಕೆಲಸಕ್ಕೆ ಹೋದಳು. ಬರುವಷ್ಟರಲ್ಲಿ ಗಾಡಿ ಇರಲಿಲ್ಲ. ಎರಡು ದಿನ ಬಿಟ್ಟು ಅದು ಬಂತು, ಇನ್ನೊಂದು ಗಾಡಿಯ ಬೆನ್ನ ಮೇಲೆ. ಅದನ್ನು ಓಡಿಸುತ್ತಿದ್ದ ಡ್ರೈವರು ಆಸ್ಪತ್ರೆಯಲ್ಲಿದ್ದ. ಗೇಣಕ್ಕ ಕೆಳಗೆ ತೂರಿ ನೋಡಿದಾಗ ಒಂದು ಬದಿ ಎರಡು ಬ್ಲಾಕು ಕಂಡವು. ಇನ್ನೊಂದು ಬದಿ ಒಂದೇ ಇತ್ತು, ಎರಡನೆಯದು ತಿರುವಿನಲ್ಲೇ ಎಲ್ಲೋ ಬಿದ್ದಿತ್ತು.

ಅವಳು ಹೊರಗೆ ತೆವಳಿ ಬರುವಷ್ಟರಲ್ಲಿ ಭಾವ ಓನರಿಗೆ ಹೇಳಿಯಾಗಿತ್ತು. “ಏನು ಮಾಡೋದು ಸ್ವಾಮಿ, ನಾದಿನಿ ಕೈಗೆ ಬಿಟ್ಟು ತಪ್ಪು ಮಾಡ್ದೆ. ಹೆಂಗಸಿನ ಕೈ ನೋಡಿ, ಬಿಗಿ ಸಾಲ್ದು.”

ಅವಳ ಬಾಯಲ್ಲಿ ಮಾತು ತುದಿಗೆ ಬಂದಿತ್ತು. ಆಗ ಅಕ್ಕ ಓಡಿ ಬಂದು ಅವಳ ಎರಡೂ ಕೈ ಹಿಡಿದುಕೊಂಡಳು. “ನನ್ನ ಮುಖ ನೋಡೇ. ನನ್ನ ಮನೆ ಮುರಿಯತ್ತೆ ಕಣೇ.” ಗೇಣಕ್ಕ ಅಕ್ಕನ ಮುಖ ನೋಡಿದಳು, ಬಾಯಿ ಮುಚ್ಚಿದಳು. ಮನೆಯ ಮರ್ಯಾದೆ ಅನ್ನುವುದು ಎಂಥ ಸೊಗಸಾದ ಯಂತ್ರ ನೋಡಿ. ಗಂಡಸು ಮಾಡಿದ್ದನ್ನು ಒಂದು ತುದಿಯಲ್ಲಿ ಹಾಕಿದರೆ ಇನ್ನೊಂದು ತುದಿಯಲ್ಲಿ ಹೆಂಗಸಿನ ತಪ್ಪಾಗಿ ಹೊರಬರುತ್ತದೆ. ನಡುವೆ ಹಿಡಿ ತಿರುಗಿಸುವವಳೂ ಹೆಂಗಸೇ.

ಅವಳ ತಲೆಯ ಮೇಲೆ ಗೂಬೆ ಕೂತಿತು. ಗ್ಯಾರೇಜಿನಿಂದ ಹೊರಬಿದ್ದಳು. ಪೇಟೆಯ ತುದಿಯ ಈ ತಗಡಿನ ಶೆಡ್ಡಿಗೆ ಬಂದಳು. ಗಾಡಿಗಳು ಬರಲಿಲ್ಲ. “ಗೇಣಕ್ಕನ ಕೈಗೆ ಕೊಟ್ರೆ ಆರಡಿ ಮೂರಡಿ ಅಳತೆ ಕೊಡ್ತಾಳೆ” ಎಂದು ಅಂಗಡಿ ಸಾಲಿನವರೆಲ್ಲ ನಕ್ಕರು. ಟ್ರಾಲಿ, ತಳ್ಳುಗಾಡಿ, ಯಾರದೋ ಕಬ್ಬಿಣದ ಮಂಚ, ಸಿಕ್ಕಿದ್ದನ್ನು ಮಾಡಿಕೊಂಡು ಬದುಕಿದಳು. ಆ ಡ್ರೈವರಿನ ಮೊಣಕಾಲು ಮತ್ತೆ ಮಡಚಲಿಲ್ಲ. ಕ್ಲಚ್ಚು ತುಳಿಯಲಾಗದವನಿಗೆ ಸ್ಟೇರಿಂಗು ಯಾರು ಕೊಡುತ್ತಾರೆ? ಪಿಕಪ್ ಸ್ಟ್ಯಾಂಡಿನಲ್ಲಿ ಯಾವ ಗಾಡಿಯ ಸರದಿ ಎಂದು ಕೂಗುವ ಕೆಲಸಕ್ಕೆ ನಿಂತ. ಗೇಣಕ್ಕ ಎದುರು ಬಂದರೆ ಉಗುಳಿ ಪಕ್ಕಕ್ಕೆ ಹೋಗುತ್ತಿದ್ದ.

ಅವನು ಉಗುಳಿದಾಗಲೆಲ್ಲ ಅವಳು ಒಂದೇ ಒಂದು ಆಸೆ ಕಟ್ಟಿಕೊಂಡಳು. ಇವನ ಎದುರಲ್ಲಿ, ನಾಲ್ಕು ಜನರ ಎದುರಲ್ಲಿ, ಬ್ಲಾಕು ಇಟ್ಟವನು ನಾನೇ ಎಂದು ಭಾವನ ಬಾಯಿಂದ ಬರಬೇಕು. ಬೇರೆ ಏನೂ ಬೇಡ. ಬೇಡ ಎಂದರೂ, ಬರುವಾಗ ಅವನ ಮುಖ ಹೇಗಿರಬೇಕು ಎಂದು ಕೂಡ ಯೋಚಿಸಿಟ್ಟಿದ್ದಳು.

ಈಗ ಅದೇ ಭಾವ, ಅದೇ ಎರಡು ಬ್ಲಾಕು, ಅವಳ ಶೆಡ್ಡಿನಲ್ಲಿ. ಗುಟ್ಟು ಬಿಡದವಳು ಎಂದು ನಂಬಿ ಬಂದಿದ್ದಾನೆ. ಒಮ್ಮೆ ಬಾಯಿ ಮುಚ್ಚಿದವಳು ಎರಡನೆಯ ಸಲವೂ ಮುಚ್ಚುತ್ತಾಳೆ ಎಂಬ ಲೆಕ್ಕ.

“ಏನಾಗಿದೆ?” ಎಂದು ಮೇಲಿನಿಂದ ಕೇಳಿದ.

“ಸ್ಪ್ರಿಂಗಿನ ತುದಿಯ ಬೋಲ್ಟನ್ನ ಗಾಡಿ ಜಾಕ್ ಮೇಲಿದ್ದಾಗಲೇ ಬಿಗಿದಿದ್ದೀರಿ. ಚಕ್ರ ಗಾಳೀಲಿ ನೇತಾಡ್ತಿರುವಾಗ ಬಿಗಿದ್ರೆ ಒಳಗಿನ ರಬ್ಬರು ತಿರುಚಿಕೊಂಡು ಹಿಡ್ಕೊಂಡುಬಿಡತ್ತೆ. ಬಲಗಡೆ ಹಿಡ್ಕೊಂಡಿದೆ, ಎಡಗಡೇದು ಹರಿದುಹೋಗಿ ಕೂತಿದೆ. ಗಾಡಿ ನೆಲದ ಮೇಲೆ ನಿಂತು ತನ್ನ ಭಾರ ತಾನು ಹೊತ್ಕೊಂಡ ಮೇಲೆ ಬಿಗೀಬೇಕು ಅಂತ ಅಪ್ಪ ನಿಮಗೂ ಹೇಳಿದ್ರು.”

“ಅರ್ಜೆಂಟಲ್ಲಿ ಯಾರಿಗೆ ನೆನಪಿರತ್ತೆ? ಎಲ್ಲಿ, ತೋರ್ಸು.”

ಅವಳು ಜಾಕು ಏರಿಸಿದಳು. ಭಾವ ಅಂಗಿ ಮಡಚಿಕೊಂಡು ಹಲಗೆಯ ಮೇಲೆ ಮಲಗಿ ಕೆಳಗೆ ತಲೆ ಹಾಕಿದ. ಗಾಡಿಗೆ ಆಸರೆಯ ಕಬ್ಬಿಣದ ಸ್ಟ್ಯಾಂಡು ಇನ್ನೂ ಕೊಟ್ಟಿರಲಿಲ್ಲ. ಒಂದೂವರೆ ಟನ್ನು ಗಾಡಿ, ಜಾಕಿನ ಹಿಡಿ ಅವಳ ಕೈಯಲ್ಲಿ. ಸಣ್ಣ ಸ್ಕ್ರೂ ಒಂದನ್ನು ಕಾಲು ಸುತ್ತು ತಿರುಗಿಸಿದರೆ ಸಾಕು. ಆ ಯೋಚನೆ ಬಂತು. ಬಂದು ತಕ್ಷಣ ಹೋಗಲಿಲ್ಲ, ಆರಾಮಾಗಿ ಕೂತಿತು. ಅವನ ಹೊಟ್ಟೆ ಏರುವುದು ಇಳಿಯುವುದನ್ನು ಅವಳು ನೋಡುತ್ತ ನಿಂತಳು.

ಆಮೇಲೆ ಕಾಲಲ್ಲಿ ಸ್ಟ್ಯಾಂಡು ಒಳಗೆ ತಳ್ಳಿದಳು. ದಯೆಯಿಂದಲ್ಲ. ಸತ್ತವನು ಒಪ್ಪಿಕೊಳ್ಳುವುದು ಹೇಗೆ?

“ಗಾಡಿ ಬಿಟ್ಟು ಹೋಗಿ ಭಾವ. ಬೆಳಿಗ್ಗೆ ಬನ್ನಿ.”

ಮಧ್ಯಾಹ್ನ ಅಕ್ಕ ಬಂದಳು, ಕೈಯಲ್ಲಿ ಊಟದ ಡಬ್ಬಿ. ಎಷ್ಟೋ ವರ್ಷಗಳಲ್ಲಿ ಶೆಡ್ಡಿಗೆ ಕಾಲಿಟ್ಟದ್ದು ಇದೇ ಮೊದಲು. ಎತ್ತಿ ನಿಲ್ಲಿಸಿದ್ದ ಗಾಡಿಯ ಕಡೆ ನೋಡದ ಹಾಗೆ ನೋಡಿದಳು.

“ಬಿಸಿ ಇದ್ದಾಗಲೇ ತಿನ್ನು. ಒಣಗಿಹೋಗಿದ್ದೀಯ.”

“ಏನಕ್ಕಾ, ಲಂಚಾನಾ?”

“ಬಾಯಿ ನೋಡು ಇದರದ್ದು!” ಎಂದು ಅಕ್ಕ ನಗಲು ಹೋಗಿ, ನಗಲಾರದೆ ಡಬ್ಬಿಯ ಮುಚ್ಚಳ ತಿರುಗಿಸಿದಳು. “ಒಂದು ಮಾತು ಹೇಳ್ತೀನಿ, ಸಿಟ್ಟಾಗಬೇಡ. ಆ ಎರಡನೇದು ಇದೆಯಲ್ಲ, ಅದನ್ನ ಸುಮ್ಮನೆ ತೆಗೆದುಬಿಡು. ದಪ್ಪಂದು ಒಂದು ಹಾಕಿಬಿಡು. ಅವ್ರಿಗೂ ಗೊತ್ತಾಗೋದು ಬೇಡ. ಹೈಟೂ ಅಷ್ಟೇ ಇರತ್ತೆ, ಯಾರಿಗೂ ಏನೂ ಆಗಲ್ಲ.”

ಗೇಣಕ್ಕನ ಕೈಯ ತುತ್ತು ಕೈಯಲ್ಲೇ ಉಳಿಯಿತು.

“ಎರಡಿದೆ ಅಂತ ನಿಂಗೆ ಹೇಗೆ ಗೊತ್ತು?”

ಅಕ್ಕ ಸೆರಗಿನ ಅಂಚು ಮಡಚಿದಳು, ಬಿಚ್ಚಿದಳು. “ನಂಗೆ ಗೊತ್ತಿಲ್ಲದ್ದು ಏನಿದೆ ಆ ಮನೇಲಿ? ಬೇರೆಯವರ ಗಾಡಿಗೂ ಹಾಗೇ ಇಡ್ತಾರೆ. ಬೇಡ ಅಂದ್ರೆ ತಟ್ಟೆ ಎಸೀತಾರೆ.”

“ಬೇರೆಯವರದ್ದಕ್ಕೂ?”

“ನಿಂಗ್ಯಾಕೆ ಅದೆಲ್ಲ? ನೀನು ಇದೊಂದು ಸರಿ ಮಾಡು. ನನ್ನ ಮನೆ—”

“ಅಕ್ಕಾ, ನಿನ್ನ ಮನೆ ಮುರೀಬಾರ್ದು ಅಂತ ಒಬ್ಬನ ಮೊಣಕಾಲು ಮುರಿದಿದ್ದಾಯ್ತು. ಇನ್ನು ಎಷ್ಟು ಜನರದ್ದು ಬೇಕು ಆ ಮನೆಗೆ?”

ಅಕ್ಕ ಎದ್ದಳು. ಹೋಗುವಾಗ ಡಬ್ಬಿ ತೆಗೆದುಕೊಂಡು ಹೋಗಬೇಕೋ ಬಿಡಬೇಕೋ ತಿಳಿಯದೆ ಅರ್ಧ ಕೈ ಚಾಚಿ, ಬಿಟ್ಟೇ ಹೋದಳು. ಗೇಣಕ್ಕ ಊಟ ಪೂರ್ತಿ ತಿಂದಳು. ಸಿಟ್ಟಿಗೂ ಹೊಟ್ಟೆಗೂ ಸಂಬಂಧವಿಲ್ಲ ಎನ್ನುವುದು ದುಡಿಯುವವರಿಗೆ ಗೊತ್ತು.

ಗುಟ್ಟಾಗಿ ಸರಿ ಮಾಡುವುದು ಎಷ್ಟು ಸುಲಭವಾಗಿತ್ತು! ಅಂಥ ಸುಲಭದಿಂದಲೇ ಅಲ್ಲವೇ ಭಾವ ಇಷ್ಟು ದೊಡ್ಡವನಾದದ್ದು? ಅವನು ಕೆಡಿಸಿದ್ದನ್ನು ಹಿಂದಿನಿಂದ ಸರಿಪಡಿಸುತ್ತ, ಎಸೆದ ತಟ್ಟೆ ಎತ್ತಿಡುತ್ತ, ಮನೆ ತುಂಬ ಹೆಂಗಸರು. ಬೋಲ್ಟು ಸಡಿಲ ಬಿಟ್ಟು ಕಳಿಸೋಣ ಎಂದೂ ಒಮ್ಮೆ ಅನಿಸಿತು. ಆದರೆ ಸಾಯುವವನು ಭಾವನೇ ಎಂದು ಏನು ಖಾತ್ರಿ? ಎದುರು ಬರುವ ಸೈಕಲ್ಲಿನವನು ಯಾವ ಪಾಪ ಮಾಡಿದ್ದ? ಬೇಡ. ಸೇಡು ತೀರಿಸಿಕೊಳ್ಳುವುದಾದರೆ ಅದೂ ಅಳತೆಗೆ ಸರಿಯಾಗಿರಬೇಕು. ಅವನಿಗೆ ತಗಲಬೇಕು, ಪಕ್ಕದವನಿಗೆ ತಾಗಬಾರದು.

ಸಂಜೆ ಪಿಕಪ್ ಸ್ಟ್ಯಾಂಡಿಗೆ ಹೋದಳು. ಡ್ರೈವರು ಕೋಲು ಊರಿಕೊಂಡು ಸರದಿ ಕೂಗುತ್ತಿದ್ದ. ಇವಳನ್ನು ಕಂಡು ಕೂಗು ನಿಲ್ಲಿಸಿದ.

“ಬೆಳಿಗ್ಗೆ ನನ್ನ ಶೆಡ್ಡಿಗೆ ಒಂದು ಸಲ ಬನ್ನಿ ಅಣ್ಣ.”

“ಯಾಕೆ? ಇನ್ನೊಂದು ಕಾಲೂ ಬೇಕಾ?”

“ಬಂದು ನೋಡಿ. ನೋಡಿದ ಮೇಲೂ ಉಗುಳಬೇಕು ಅನ್ನಿಸಿದ್ರೆ ಮುಖಕ್ಕೇ ಉಗುಳಿ” ಎಂದು ಹೇಳಿ ಬಂದಳು.

ಬೆಳಿಗ್ಗೆ ಅವಳು ಮಾಡಿದ್ದು ಇಷ್ಟೇ. ಪಿಕಪ್ಪನ್ನು ಸ್ಟ್ಯಾಂಡಿನ ಮೇಲೆ ಎತ್ತರಕ್ಕೆ ನಿಲ್ಲಿಸಿ, ಹಿಂದಿನ ಎರಡೂ ಚಕ್ರ ಬಿಚ್ಚಿ, ಶೆಡ್ಡಿನ ತಗಡಿನ ಬಾಗಿಲನ್ನು ಪೂರ್ತಿ ತೆರೆದಳು. ಬ್ಲಾಕು ಮುಟ್ಟಲಿಲ್ಲ, ನೀರು ಹಾಕಿ ತೊಳೆಯಲೂ ಇಲ್ಲ. ಬಿಸಿಲು ನೇರ ಒಳಗೆ ಬಿತ್ತು. ಪ್ರೆಸಿಡೆಂಟ್ ಗಾಡಿ ಗೇಣಕ್ಕನ ಶೆಡ್ಡಿನಲ್ಲಿ ಚಕ್ರ ಬಿಚ್ಚಿ ನಿಂತಿದೆ ಎಂಬುದೇ ಸಾಲಿಗೆ ಹಬ್ಬದಷ್ಟು ಸುದ್ದಿ. ಟೈರಿನವನು ಬಂದ, ವೆಲ್ಡರು ಬಂದ, ಬ್ಯಾಟರಿಯವನು ಅಂಗಡಿ ಹಾಗೇ ಬಿಟ್ಟು ಬಂದ. ಡ್ರೈವರು ಎಲ್ಲರಿಗಿಂತ ಹಿಂದೆ, ಬಂದೂ ಬರದವನ ಹಾಗೆ, ಕಂಬಕ್ಕೆ ಒರಗಿ ನಿಂತ.

ಭಾವ ಬಂದ. ಪೆರೇಡಿಗೆಂದು ಇಸ್ತ್ರಿ ಮಾಡಿದ ಅಂಗಿ, ಎದೆಗೆ ಕ್ಲಬ್ಬಿನ ಬಿಲ್ಲೆ. ಜನ ನೋಡಿ ಮೊದಲು ಹಿಗ್ಗಿದ, ಆಮೇಲೆ ಗಾಡಿ ನೋಡಿ ಕುಗ್ಗಿದ.

“ಏನಮ್ಮಾ ಇದು, ಇನ್ನೂ ಮುಗಿಸಿಲ್ವಾ?”

“ಒಂದು ಅನುಮಾನ ಇತ್ತು ಭಾವ, ಕೇಳ್ಕೊಂಡು ಮುಗಿಸೋಣ ಅಂತ. ಇಲ್ಲಿ ಎರಡೆರಡು ಬ್ಲಾಕಿದೆಯಲ್ಲ, ಇದನ್ನ ಇಟ್ಟೋರು ಯಾರು?”

ಎಲ್ಲರ ಕಣ್ಣೂ ಒಳಗೆ ಹೋದವು. ಭಾವನ ಕಣ್ಣು ಮಾತ್ರ ಡ್ರೈವರಿನ ಕಡೆ ಹೋಗಿ ಬಂತು. ಒಂದು ಉಸಿರಿನಷ್ಟು ಹೊತ್ತು ಅವನ ಬಾಯಿ ತೆರೆದೇ ಇತ್ತು. ಬಂತು, ಈಗ ಬಂತು ಎಂದು ಗೇಣಕ್ಕ ಕಾದಳು.

“ನೋಡಿ! ಎಲ್ರೂ ನೋಡಿ!” ಎಂದು ಭಾವ ಕೈ ತಟ್ಟಿದ. “ಒಂದು ಬ್ಲಾಕಿರೋ ಗಾಡಿ ಬಿಟ್ಟು ಹೋದೆ ನಾನು. ಬೆಳಗಾಗೋದ್ರೊಳಗೆ ಎರಡು ಮಾಡಿಟ್ಟಿದ್ದಾಳೆ. ಹಳೇ ಚಾಳಿ ಎಲ್ಲಿ ಹೋಗತ್ತೆ? ಅವತ್ತು ಇವನ ಕಾಲು ತೆಗೆದ್ಲು, ಇವತ್ತು ನನ್ನ ತಲೆ ತೆಗೆಯೋಕೆ ನೋಡಿದ್ಲು. ಸ್ವಂತ ಭಾವನ್ನ!”

ಸಾಲಿನವರು ಗುಜುಗುಜು ಎಂದರು. ಟೈರಿನವನು ಎರಡು ಹೆಜ್ಜೆ ಹಿಂದೆ ಸರಿದ. ಸುಳ್ಳು ಹೇಳುತ್ತಾನೆ ಎಂದು ಗೇಣಕ್ಕನಿಗೆ ಗೊತ್ತಿತ್ತು, ಇಷ್ಟು ಚುರುಕಾಗಿ ಹೇಳುತ್ತಾನೆ ಎಂದು ಗೊತ್ತಿರಲಿಲ್ಲ.

ಆಗ ಕೋಲಿನ ಸದ್ದು ಕೇಳಿಸಿತು. ಡ್ರೈವರು ಬಂದು, ಮಡಚದ ಕಾಲನ್ನು ಉದ್ದಕ್ಕೆ ಚಾಚಿ, ಕಷ್ಟಪಟ್ಟು ನೆಲಕ್ಕೆ ಕೂತ. ಮುಖವನ್ನು ಬ್ಲಾಕಿನ ಹತ್ತಿರಕ್ಕೆ ತಂದ. ಹೋದ ವರ್ಷದ ಪೆರೇಡಿಗೆ ಚೆಂದ ಕಾಣಲೆಂದು ಭಾವ ಗಾಡಿಯ ಹೊಟ್ಟೆಗೂ ನೇರಳೆ ಬಣ್ಣ ಹೊಡೆಸಿದ್ದ. ಆ ಬಣ್ಣ ಎರಡೂ ಬ್ಲಾಕುಗಳ ಮೇಲೆ ಒಂದೇ ಪದರವಾಗಿ ಇಳಿದು, ಜೋಡಣೆಯ ಸಂದನ್ನೂ ಬೋಲ್ಟಿನ ಎಳೆಗಳನ್ನೂ ಮುಚ್ಚಿ, ಗಟ್ಟಿಯಾಗಿ ಒಣಗಿತ್ತು. ಎಲ್ಲೂ ಒಂದು ಬಿರುಕಿರಲಿಲ್ಲ. ಅದರ ಮೇಲೆ ಒಂದು ಮಳೆಗಾಲದ ಕೆಸರು. ಡ್ರೈವರು ಉಗುರಲ್ಲಿ ಕೆರೆದ.

“ಇದು ನಿಮ್ಮ ಬಣ್ಣಾನೇ ಅಲ್ವಾ ಪ್ರೆಸಿಡೆಂಟ್ರೇ?”

“ಹೌದು, ಆದ್ರೆ—”

“ಬೋಲ್ಟು ಬಿಚ್ಚಿದ್ರೆ ಬಣ್ಣ ಒಡೀತಿತ್ತು. ಒಡೆದಿಲ್ಲ. ಇವರು ಬೆಳಗಾಗೋದ್ರೊಳಗೆ ಬ್ಲಾಕಿಟ್ಟು, ನಿಮ್ಮ ಬಣ್ಣ ತಂದು ಬಳಿದು, ಒಣಗಿಸಿ, ಹೋದ ಮಳೆಗಾಲದ ಕೆಸರನ್ನೂ ಕರೆಸಿಕೊಂಡ್ರಾ?”

ವೆಲ್ಡರು ಕಿಸಕ್ಕನೆ ನಕ್ಕ. ಬ್ಯಾಟರಿಯವನು ಬಗ್ಗಿ ನೋಡಿ, “ಹೌದಲ್ಲೋ!” ಎಂದ. ಟೈರಿನವನು ಹಿಂದಿಟ್ಟ ಎರಡೂ ಹೆಜ್ಜೆ ಮುಂದಿಟ್ಟ.

“ಪೇಂಟಿನವನು... ಅದು... ಎಲ್ಲರೂ ಇಡ್ತಾರ್ರೀ!” ಎಂದು ಭಾವ ಕಿರುಚಿದ. “ನಾನೊಬ್ಬನೇನಾ? ಅವತ್ತು ಓನರು ತಲೆ ಮೇಲೆ ನಿಂತಿದ್ದ. ಸಂಜೆಯೊಳಗೆ ಬೇಕು ಅಂದ. ಇವಳು ನಾಳೆ ಅಂತ ಹೇಳಿ ಎದ್ದು ಹೋದ್ಲು. ಇನ್ನೊಂದು ಇಡದೆ ಏನು ಮಾಡ್ಬೇಕಿತ್ತು ನಾನು?”

ಹೇಳಿದ ಮೇಲೆ ಅವನಿಗೇ ಕೇಳಿಸಿತು. ಬಾಯಿ ಮುಚ್ಚಿಕೊಂಡ. ಎದೆಯ ಮೇಲಿನ ಬಿಲ್ಲೆಯನ್ನು ಸುಮ್ಮನೆ ಸರಿಪಡಿಸಿದ.

ಗೇಣಕ್ಕ ಆ ಮುಖವನ್ನು ಕಣ್ತುಂಬ ನೋಡಿದಳು. ಅವಸರ ಮಾಡಲಿಲ್ಲ. ಹಣೆಯಿಂದ ಗಲ್ಲದ ತನಕ, ಗೇಣು ಹಾಕಿ ಅಳೆಯುವ ಹಾಗೆ ನೋಡಿದಳು. ಅಂದುಕೊಂಡದ್ದಕ್ಕಿಂತ ಚೆನ್ನಾಗಿತ್ತು.

ಆಮೇಲೆ ಕೆಲಸಕ್ಕೆ ಇಳಿದಳು, ಎಲ್ಲರ ಎದುರೇ. ನೇರಳೆ ಬಣ್ಣ ಸಿಪ್ಪೆ ಎದ್ದು ಉದುರಿತು. ನಾಲ್ಕೂ ಬ್ಲಾಕು ಹೊರಬಂದವು. ಒಂದೊಂದನ್ನೂ ಭಾವನ ಪಾಲಿಶ್ ಮಾಡಿದ ಬೂಟಿನ ಮುಂದೆ ಇಟ್ಟಳು. ಹೊಸ ಗಿಡ್ಡ ಯು-ಬೋಲ್ಟು ಹಾಕಿ ಬಿಗಿದಳು, ಹರಿದ ರಬ್ಬರು ಬದಲಿಸಿದಳು.

“ಒಂದು ಬ್ಲಾಕಾದ್ರೂ ಹಾಕಮ್ಮಾ” ಎಂದ ಭಾವ, ದನಿ ತಗ್ಗಿಸಿ.

“ಒಂದು ಬ್ಲಾಕು ಹಾಕೋದು ನಂಬಿಕೆ ಇರೋರ ಗಾಡಿಗೆ. ನಿಮಗೆ ಒಂದು ಕೊಟ್ರೆ ಮನೆಗೆ ಹೋಗಿ ಎರಡು ಮಾಡ್ತೀರಿ.”

ಚಕ್ರ ಹಾಕಿ ಗಾಡಿಯನ್ನು ನೆಲಕ್ಕಿಳಿಸಿ, ಹಿಂದೆ ಮುಂದೆ ತಳ್ಳಿ, ಹಿಂಬದಿಯ ಮೇಲೆ ತನ್ನ ಭಾರ ಹಾಕಿ ಕುಲುಕಿ, ಗಾಡಿ ನೆಲ ಹಿಡಿದ ಮೇಲೆ ಕೊನೆಯ ಬೋಲ್ಟುಗಳನ್ನು ಬಿಗಿದಳು. ಎಡಕ್ಕೆ ಗೇಣು ಹಾಕಿದಳು, ಬಲಕ್ಕೆ ಹಾಕಿದಳು. ಕೂದಲೆಳೆ ಹೆಚ್ಚುಕಡಿಮೆ ಇರಲಿಲ್ಲ. ಕಂಪನಿಯಿಂದ ಹೊರಬಂದ ದಿನ ಹಿಂಭಾಗ ಎಷ್ಟು ಎತ್ತರವಿತ್ತೋ ಅಷ್ಟೇ ಎತ್ತರ. ಮುಂಭಾಗ ಮಾತ್ರ ಭಾವ ತಗ್ಗಿಸಿದಲ್ಲೇ ಇತ್ತು. ಊರಿನ ಅತಿ ತಗ್ಗಿನ ಪಿಕಪ್ಪು ಈಗ ಹಿಂದನ್ನು ಆಕಾಶಕ್ಕೆ ಎತ್ತಿ, ಮೂತಿಯನ್ನು ನೆಲಕ್ಕೆ ಹಚ್ಚಿ, ಮತ್ತೆ ಕಂಬದ ಹತ್ತಿರ ಹೋಗಿ ಕೂತಿದ್ದ ಡ್ರೈವರಿನ ಕಡೆ ಮುಖ ಮಾಡಿ, ಅಡ್ಡಬಿದ್ದ ಹಾಗೆ ನಿಂತಿತ್ತು.

“ಏನ್ ಪ್ರೆಸಿಡೆಂಟ್ರೇ, ಗಾಡಿ ಹುಲ್ಲು ಮೇಯ್ತಾ ಇದೆ?”

“ಸುಮ್ನಿರ್ರೋ, ಏನೋ ಬೀಳಿಸಿಕೊಂಡಿದೆ ಪಾಪ, ಹುಡುಕ್ತಿದೆ.”

“ಮರ್ಯಾದೆ ಇರಬೇಕು ನೋಡೋ ಕೆಳಗೆ!”

“ನಿಧಾನ ಓಡಿಸಿ ಭಾವ, ಮೂತಿ ಎಲ್ಲಾದ್ರೂ ಉಜ್ಜೀತು. ಕತ್ತಲಾದ ಮೇಲೆ ಮಾತ್ರ ಬೇಡ, ಲೈಟೆಲ್ಲ ನೆಲಕ್ಕೇ ಬೀಳತ್ತೆ” ಎಂದು ಗೇಣಕ್ಕ ಕೀ ಕೊಟ್ಟಳು. ಅವನು ಕಿತ್ತುಕೊಂಡ. ಪಿಕಪ್ಪು ತಲೆ ತಗ್ಗಿಸಿಕೊಂಡು ಸಾಲು ದಾಟುವ ತನಕ ನಗು ಅದರ ಹಿಂದೆ ಹಿಂದೆ ಹೋಯಿತು.

ಜನ ಕರಗಿದರು. ಡ್ರೈವರು ಕಂಬ ಹಿಡಿದು ಎದ್ದು ನಿಂತ. ಈಗ ಅವನು ಏನು ಹೇಳುತ್ತಾನೆ ಎಂದು ಗೇಣಕ್ಕನಿಗೆ ಗೊತ್ತಿತ್ತು. ತಪ್ಪು ತಿಳಿದಿದ್ದೆ ಅಕ್ಕ, ಕ್ಷಮಿಸಿ ಎನ್ನುತ್ತಾನೆ. ಇರಲಿ ಬಿಡಿ ಅಣ್ಣ ಎನ್ನಲು ಅವಳೂ ತಯಾರಾಗಿದ್ದಳು.

“ಅವತ್ತು ನನ್ನ ಗಾಡಿ ಬಂದಾಗ ಕೆಳಗೆ ನೋಡಿದ್ರಾ ನೀವು?”

“ನೋಡಿದ್ದೆ.”

“ಎರಡಿತ್ತು ಅಂತ ಅವತ್ತೇ ಗೊತ್ತಿತ್ತು.”

“ಗೊತ್ತಿತ್ತು. ಆದ್ರೆ ನನ್ನ ಅಕ್ಕ—”

“ಕೈ ನಿಮ್ಮದಲ್ಲ ಅಂತಾಯ್ತು ಇವತ್ತು. ಸರಿ. ಬಾಯಿ ನಿಮ್ಮದೇ ಅಲ್ವಾ?”

ಅವನು ಕೋಲಿನಿಂದ ಒಂದು ಬ್ಲಾಕನ್ನು ಮೆಲ್ಲಗೆ ಹೊರಳಿಸಿದ.

“ಆ ಗ್ಯಾರೇಜಲ್ಲಿ ನಮ್ಮ ಸ್ಟ್ಯಾಂಡಿನ ಎಷ್ಟು ಗಾಡಿ ತಗ್ಗಿಸಿದ್ದಾರೆ, ಗೊತ್ತಾ? ದಿನಾ ಬೆಳಿಗ್ಗೆ ನಾನೇ ಕೂಗಿ ಕಳಿಸ್ತೀನಿ. ಲೋಡು ಹೇರ್ಕೊಂಡು, ಅದೇ ತಿರುವಲ್ಲಿ ಹೋಗ್ತಾವೆ.”

ಬೇರೆಯವರ ಗಾಡಿಗೂ ಹಾಗೇ ಇಡ್ತಾರೆ ಎಂದು ಅಕ್ಕ ಹೇಳಿದ್ದು ನಿನ್ನೆ ಮಧ್ಯಾಹ್ನ. ಅದಾದ ಮೇಲೆ ಇವಳು ಊಟ ಮಾಡಿದ್ದಳು, ಜನ ಸೇರಿಸಿದ್ದಳು, ಭಾವನ ಮುಖ ಕಣ್ತುಂಬಿಕೊಂಡಿದ್ದಳು. ಆ ಗಾಡಿಗಳು ಆಗಲೂ ಓಡುತ್ತಿದ್ದವು. ಸ್ಟ್ಯಾಂಡಿಗೇ ಹೋಗಿದ್ದಳಲ್ಲ, ಅಲ್ಲಾದರೂ ಹೇಳಬಹುದಿತ್ತು. ತನ್ನ ಸೇಡಿನ ರುಚಿಯಲ್ಲಿ ಅವು ನೆನಪಿಗೇ ಬಂದಿರಲಿಲ್ಲ.

ಬಟ್ಟೆಯಲ್ಲಿ ಕೈ ಒರೆಸಿದಳು. “ನಡೀರಿ ಅಣ್ಣ.”

ಅವನ ನಡಿಗೆಯ ವೇಗಕ್ಕೆ ತನ್ನದನ್ನು ತಗ್ಗಿಸಿಕೊಂಡು ನಡೆದಳು. ಬೀದಿಯ ತಿರುವಿನಲ್ಲಿ ಅಕ್ಕ ನಿಂತಿದ್ದಳು, ಓಡಿ ಬಂದವಳ ಏದುಸಿರು. “ಏನು ಮಾಡ್ಬಿಟ್ಯೇ? ಅವ್ರು ಮನೆಗೆ ಬಂದು...” ಎಂದು ಮತ್ತೆ ಎರಡೂ ಕೈ ಹಿಡಿಯಲು ಬಂದಳು. ಗೇಣಕ್ಕ ಕೈ ಬೆನ್ನ ಹಿಂದೆ ಇಟ್ಟುಕೊಂಡಳು.

“ಡಬ್ಬಿ ಶೆಡ್ಡಲ್ಲಿದೆ. ಅಲ್ಲೇ ಹಾಸಿಗೆಯೂ ಇದೆ, ಬಾಗಿಲು ತೆರೆದೇ ಇದೆ. ಹೋಗೋದಾದ್ರೆ ಹೋಗಿ ಕೂತ್ಕೋ. ನಾನು ಬರ್ತೀನಿ.”

ಸ್ಟ್ಯಾಂಡಿನಲ್ಲಿ ಹೊರೆ ಏರಿಸುವ ಹೊತ್ತು. ಡ್ರೈವರು ಕೋಲಿನಿಂದ ಡ್ರಮ್ಮು ಬಡಿದು ಎಲ್ಲರನ್ನೂ ನಿಲ್ಲಿಸಿದ. ಅಷ್ಟು ಜನ ಗಂಡಸರು ಗೇಣಕ್ಕನ ಕಡೆ ತಿರುಗಿದರು. ಅವಳು ಹೇಳಿದಳು, ಗಾಡಿ ಶಬ್ದದ ಮೇಲೂ ಕೇಳುವ ಹಾಗೆ.

“ಇವರ ಗಾಡಿಗೆ ಎರಡು ಬ್ಲಾಕಿಟ್ಟಿದ್ದು ನಮ್ಮ ಭಾವ. ನೋಡಿದ್ದು ನಾನು. ಹೇಳದೆ ಇದ್ದಿದ್ದೂ ನಾನೇ. ಅವರ ಗ್ಯಾರೇಜಲ್ಲಿ ಯಾರ್ಯಾರು ಹಿಂಬದಿ ತಗ್ಗಿಸಿಕೊಂಡಿದ್ದೀರೋ, ಇಂಜಿನ್ ಆಫ್ ಮಾಡಿ ಕೆಳಗೆ ನೋಡಿ.”

ಯಾರೂ ಸಮಾಧಾನ ಹೇಳಲಿಲ್ಲ. “ಇಷ್ಟು ದಿನ ಎಲ್ಲಿದ್ಯಮ್ಮಾ ತಾಯಿ?” ಎಂದು ಒಬ್ಬ ಕೇಳಿದ. ಇನ್ನೊಬ್ಬ ಕೆಟ್ಟದಾಗಿ ಬೈದ. ಭಾವನಿಗೋ ಅವಳಿಗೋ ತಿಳಿಯಲಿಲ್ಲ, ಅವಳು ತನಗೇ ಎಂದು ಇಟ್ಟುಕೊಂಡಳು. ಆಮೇಲೆ ಇಂಜಿನ್ನುಗಳು ಒಂದೊಂದಾಗಿ ನಿಂತವು. ಒಬ್ಬ ಹೆಗಲ ಮೇಲಿನ ಟವೆಲು ನೆಲಕ್ಕೆ ಹಾಸಿ ಅಂಗಾತ ಮಲಗಿ ಗಾಡಿ ಕೆಳಗೆ ತೂರಿದ. ಅವನ ಪಕ್ಕದವನೂ ತೂರಿದ. ನೋಡುತ್ತಿದ್ದ ಹಾಗೆ ಸ್ಟ್ಯಾಂಡಿನ ಉದ್ದಕ್ಕೂ ಗಾಡಿಗೊಂದು ಜೊತೆಯಂತೆ ಕಾಲುಗಳು ಹೊರಗೆ ಚಾಚಿಕೊಂಡವು. ಚಪ್ಪಲಿಯವು, ಬೂಟಿನವು, ಬರಿಗಾಲಿನವು.

“ಗೇಣಕ್ಕಾ!” ಎಂದು ದೂರದ ಒಂದು ಗಾಡಿಯ ಕೆಳಗಿಂದ ದನಿ ಬಂತು. “ಇಲ್ಲಿ ಎರಡಿದೆ!”

“ನಂದ್ರಲ್ಲೂ!” ಎಂದಿತು ಇನ್ನೊಂದು ಜೊತೆ ಕಾಲು.

“ಯಾರೂ ಸ್ಟಾರ್ಟ್ ಮಾಡಬೇಡಿ,” ಎಂದು ಗೇಣಕ್ಕ ಕೂಗಿದಳು. “ಲೋಡು ಇಳಿಸಿ, ಶೆಡ್ಡಿಗೆ ನೂಕ್ಕೊಂಡು ಬನ್ನಿ.”